ಗಾಜಿನ ಪುಟ್ಟ ಗುಮ್ಮಟ: ಒಂದೇ ಒಂದು ಅಣು ಬಂದು ಅಂಟಿದ್ದು ತಿಳಿಯುವುದು ಹೇಗೆ?

ವಿಜಯಪುರದ ಗೋಲಗುಮ್ಮಟ ಹತ್ತಿದವರಿಗೆ ಇದು ಗೊತ್ತು. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಶಾಲಾ ಪ್ರವಾಸದ ಮಕ್ಕಳು ಇಲ್ಲದ ಹೊತ್ತು ನೋಡಿ ಹೋಗಬೇಕು, ಅಷ್ಟೆ. ಸದ್ದು ಬಾಗಿದ ಗೋಡೆಗೆ ಒತ್ತಿಕೊಂಡೇ ಸುತ್ತಿ ಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲೂ ಇಂಥದೇ ಗ್ಯಾಲರಿ ಇದೆ. ಅದರ ಗುಟ್ಟು ಬಿಡಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ. ನಮ್ಮ ಸಿ. ವಿ. ರಾಮನ್ ಕೂಡ 1921ರಲ್ಲಿ ಅಲ್ಲಿ ಪ್ರಯೋಗ ಮಾಡಿದ್ದರು.

ಈಗ ಸದ್ದಿನ ಜಾಗದಲ್ಲಿ ಬೆಳಕು ಇಡಿ. ಗುಮ್ಮಟದ ಜಾಗದಲ್ಲಿ ಕೂದಲೆಳೆಯ ದಪ್ಪದ ಗಾಜಿನ ಗೋಲಿ ಇಡಿ. ಒಂದು ಡಿಎನ್‌ಎ ತುಣುಕು ಇನ್ನೊಂದಕ್ಕೆ ಅಂಟಿದ್ದನ್ನು ಆ ಗಳಿಗೆಯಲ್ಲೇ ಹಿಡಿಯುವ ಯಂತ್ರ ಇದರಿಂದಲೇ ಆಗುತ್ತದೆ. ಜರ್ಮನಿಯ ಅರ್ಲಾಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಫ್ರಾಂಕ್ ವೋಲ್ಮರ್ ಅವರ ತಂಡ 2014ರಲ್ಲಿ ಇದನ್ನು ಮಾಡಿ ತೋರಿಸಿತು. ಅಣುವಿಗೆ ಹೊಳೆಯುವ ಬಣ್ಣ ಹಚ್ಚುವ ಗೋಜೂ ಇಲ್ಲ. ಮನೆಯಲ್ಲಿ ಮಾಡುವ ಕೆಲಸವಲ್ಲ, ಬಿಡಿ. ಆದರೆ ಲ್ಯಾಬಿನಲ್ಲಿ ಹೇಗೆ ಮಾಡುತ್ತಾರೆ ಎಂದು ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ಗೋಲಿ. ಮನೆಗೆ ಇಂಟರ್ನೆಟ್ ತರುತ್ತದಲ್ಲ, ಅದೇ ಬಗೆಯ ಗಾಜಿನ ಫೈಬರ್ ತೆಗೆದುಕೊಳ್ಳುತ್ತಾರೆ. ಮೇಲಿನ ಪ್ಲಾಸ್ಟಿಕ್ ಸುಲಿದು, ತುದಿಯನ್ನು ಲೇಸರ್‌ನಿಂದ ಕರಗಿಸುತ್ತಾರೆ. ಕರಗಿದ ಗಾಜು, ಎಲೆ ಮೇಲಿನ ನೀರ ಹನಿಯ ಹಾಗೆ ತಾನೇ ದುಂಡಗಾಗುತ್ತದೆ. ಆರಿದರೆ ಗೋಲಿ ಸಿದ್ಧ, ಉಳಿದ ಫೈಬರೇ ಹಿಡಿಕೆ. ಅಗಲ ಸುಮಾರು 100 ಮೈಕ್ರೋಮೀಟರ್. ಇದನ್ನು ಉಜ್ಜಿ ಪಾಲಿಶ್ ಮಾಡಬೇಕಿಲ್ಲ, ಮುಟ್ಟಲೂಬಾರದು. ಬೆರಳಿನ ಜಿಡ್ಡು ತಾಗಿದರೆ ಇನ್ನೊಂದು ಕರಗಿಸುವುದೇ ವಾಸಿ.

ಎರಡನೆಯದು ಬೆಳಕನ್ನು ಒಳಗೆ ಬಿಡುವುದು. ನೀರಿನ ಪುಟ್ಟ ತೊಟ್ಟಿಯಲ್ಲಿ ಗೋಲಿಯನ್ನು ಪ್ರಿಸಮ್ಮಿಗೆ ತೀರಾ ಹತ್ತಿರ ತರುತ್ತಾರೆ. ಪ್ರಿಸಮ್ಮಿನ ಒಳಗೇ ಪುಟಿದು ಹೋಗಬೇಕಿದ್ದ ಲೇಸರ್ ಬೆಳಕಿನಲ್ಲಿ ಸ್ವಲ್ಪ ಗೋಲಿಗೆ ದಾಟಿಕೊಳ್ಳುತ್ತದೆ. ದಾಟಿದ ಬೆಳಕು ಗೋಲಿಯ ಅಂಚಿನಲ್ಲೇ ನೂರಾರು ಸುತ್ತು ಹಾಕುತ್ತದೆ. ಮೇಲೆ ಕೂತ ಅಣುವಿನ ಪಕ್ಕದಲ್ಲಿ ಬೆಳಕು ಒಂದು ಸಲವಲ್ಲ, ನೂರಾರು ಸಲ ಹಾದುಹೋಗುತ್ತದೆ. ಇಡೀ ಉಪಾಯದ ಶಕ್ತಿ ಇರುವುದು ಇಲ್ಲೇ.

ಮೂರನೆಯದು ಶ್ರುತಿ ಹುಡುಕುವುದು. ಗೋಲಿಯ ಸುತ್ತಳತೆಯಲ್ಲಿ ಅಲೆಗಳು ಪೂರ್ಣ ಸಂಖ್ಯೆಯಲ್ಲಿ ಕೂತರೆ ಮಾತ್ರ ಬೆಳಕು ಒಳಗೆ ನಿಲ್ಲುತ್ತದೆ. 780 ನ್ಯಾನೋಮೀಟರ್ ಬೆಳಕಾದರೆ ನಮ್ಮ ಗೋಲಿಯಲ್ಲಿ ಸುಮಾರು 580 ಅಲೆಗಳು ಹಿಡಿಸುತ್ತವೆ. ಲೇಸರ್‌ನ ತರಂಗಾಂತರವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋದಾಗ, ಹೊಂದಿಕೆಯಾದ ಜಾಗದಲ್ಲಿ ಹೊರಬರುವ ಬೆಳಕು ತಟ್ಟನೆ ಕಡಿಮೆಯಾಗುತ್ತದೆ. ಗ್ರಾಫಿನಲ್ಲಿ ಒಂದು ಗುಳಿ. ಅದೇ ಗೋಲಿಯ ಶ್ರುತಿ. ಮೃದಂಗದ ಎಡಭಾಗಕ್ಕೆ ರವೆ ಮೆತ್ತಿದರೆ ನಾದ ತಗ್ಗುತ್ತದೆ, ಅಲ್ವಾ? ಗೋಲಿಗೆ ಏನಾದರೂ ಮೆತ್ತಿಕೊಂಡರೂ ಹಾಗೇ. ಗುಳಿ ಉದ್ದ ತರಂಗಾಂತರದ ಕಡೆಗೆ ಸರಿಯುತ್ತದೆ.

ಬರೀ ಗೋಲಿಗೇ ಒಂದು ಇನ್‌ಫ್ಲುಯೆಂಜಾ ವೈರಸ್ ಕೂತದ್ದು ಗೊತ್ತಾಗುತ್ತದೆ. 2008ರಲ್ಲೇ ಇದನ್ನು ತೋರಿಸಿದ್ದರು. ಡಿಎನ್‌ಎ ತುಣುಕು ಅದಕ್ಕಿಂತ ತೀರಾ ಚಿಕ್ಕದು, ಅದಕ್ಕೆ ಇದು ಸಾಲದು. ಹಾಗಾಗಿ ನಾಲ್ಕನೇ ಹೆಜ್ಜೆಗೆ ಚಿನ್ನ ಬೇಕು. ಸುಮಾರು 40 ನ್ಯಾನೋಮೀಟರ್ ಉದ್ದದ ಚಿನ್ನದ ಕಡ್ಡಿಗಳನ್ನು ಆಮ್ಲ ಬೆರೆಸಿದ ನೀರಿನಲ್ಲಿ ಬಿಡುತ್ತಾರೆ. ಬೆಳಕು ತಾಗಿದಾಗ ಚಿನ್ನದ ಎಲೆಕ್ಟ್ರಾನುಗಳು ಓಲಾಡಿ, ಕಡ್ಡಿಯ ಎರಡು ತುದಿಗಳಲ್ಲಿ ಬೆಳಕನ್ನು ಒಟ್ಟುಮಾಡುತ್ತವೆ. ಅಣು ಆ ತುದಿಗೆ ಬಂದರೆ ಸಾಕು, ಶ್ರುತಿ ಜಾಸ್ತಿ ಸರಿಯುತ್ತದೆ. ಒಂದೊಂದು ಕಡ್ಡಿ ಗೋಲಿಗೆ ಕೂತಾಗಲೂ ಗ್ರಾಫಿನಲ್ಲಿ ಒಂದೊಂದು ಮೆಟ್ಟಿಲು ಕಾಣುತ್ತದೆ, ಎಣಿಸುತ್ತಾ ಹೋಗಬಹುದು. ಕೆಲವು ಕೂತ ಮೇಲೆ ನಿಲ್ಲಿಸಿ, ತೊಳೆದುಬಿಡಬೇಕು. ಆಸೆಪಟ್ಟು ಜಾಸ್ತಿ ಹಾಕಿದರೆ ಚಿನ್ನವೇ ಬೆಳಕನ್ನು ನುಂಗಿ ಗುಳಿ ಅಗಲವಾಗುತ್ತದೆ. ಆಮೇಲೆ ಗುಳಿ ಸರಿದದ್ದೂ ನೆಟ್ಟಗೆ ಕಾಣುವುದಿಲ್ಲ.

ಐದನೆಯದು ಗಾಳ ಹಾಕುವುದು. ಒಂದು ತುದಿಗೆ ಗಂಧಕ ಸೇರಿಸಿದ ಡಿಎನ್‌ಎ ಎಳೆಯನ್ನು ಬಿಟ್ಟರೆ ಗಂಧಕ ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಈ ಎಳೆಯೇ ನಮ್ಮ ಗಾಳ.

ಇನ್ನು ಕಾಯುವ ಕೆಲಸ. ಗಾಳಕ್ಕೆ ಸರಿಯಾಗಿ ಹೊಂದುವ ಜೋಡಿ ಎಳೆಯನ್ನು ನೀರಿಗೆ ಬಿಟ್ಟು, ಗುಳಿ ಎಲ್ಲಿದೆ ಎಂದು ಮತ್ತೆ ಮತ್ತೆ ಅಳೆಯುತ್ತಾರೆ. ಸೆಕೆಂಡಿಗೆ 50 ಸಲ ಅಳೆದರೆ 20 ಮಿಲಿಸೆಕೆಂಡಿಗೊಂದು ಚುಕ್ಕೆ ಸಿಗುತ್ತದೆ. ಡಿಎನ್‌ಎ ಎಳೆಯ ಒಂದೊಂದು ಘಟಕವನ್ನೂ ಅಕ್ಷರ ಎನ್ನುತ್ತಾರೆ. ಎಂಟೇ ಅಕ್ಷರದ ಎಳೆಯಾದರೆ ಹಿಡಿತ ಸಡಿಲ. ಬಂದು ಕೂರುತ್ತದೆ, ಎದ್ದು ಹೋಗುತ್ತದೆ. ಗ್ರಾಫಿನಲ್ಲಿ ಮುಳ್ಳಿನಂಥ ಏರಿಳಿತ. ಗುಳಿ ಸರಿಯುವುದು ಕೆಲವೇ ಫೆಮ್ಟೋಮೀಟರ್, ಅಂದರೆ ನ್ಯಾನೋಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಪ್ರೋಟಾನಿನ ಅಗಲವೇ ಸುಮಾರು 1.7 ಫೆಮ್ಟೋಮೀಟರ್ ಎಂದರೆ ಲೆಕ್ಕ ಹಾಕಿಕೊಳ್ಳಿ.

ಇಲ್ಲೇ ಮೋಸ ಹೋಗುವುದು. ನೀರು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಬಿಸಿಯಾದರೂ ಗಾಜಿನ ಶ್ರುತಿ ಹತ್ತಿರಹತ್ತಿರ ಅಷ್ಟೇ ಸರಿಯುತ್ತದೆ! ಆದರೆ ಬಿಸಿ ನಿಧಾನವಾಗಿ ಏರುತ್ತದೆ, ಅಣು ತಟ್ಟನೆ ಬರುತ್ತದೆ. ನಿಧಾನದ ಏರಿಳಿತವನ್ನು ಕಳೆದರೆ ಮುಳ್ಳುಗಳು ಉಳಿಯುತ್ತವೆ.

ಮುಳ್ಳು ಕಂಡಿತೆಂದು ಕುಣಿಯುವಂತಿಲ್ಲ. ಒಂದೇ ಅಣುವೋ, ಸುಮ್ನೆ ಕಸವೋ? ನನಗೆ ಕೇಳಿದರೆ ಅಸಲಿ ಪ್ರಯೋಗ ಶುರುವಾಗುವುದೇ ಈಗ. ಮೊದಲು ಗಾಳವಿಲ್ಲದ ಚಿನ್ನದ ಮೇಲೆ ಅದೇ ಎಳೆ ಬಿಟ್ಟು ನೋಡುತ್ತಾರೆ, ಮುಳ್ಳು ಬರಬಾರದು. ಆಮೇಲೆ ಒಂದಕ್ಷರ ತಪ್ಪಿರುವ ಎಳೆ ಬಿಡುತ್ತಾರೆ. ಅದು ಬಂದರೂ ಬೇಗ ಎದ್ದು ಹೋಗಬೇಕು. ಕೊನೆಗೆ ಸರಿಯಾದ ಎಳೆಯ ಪ್ರಮಾಣವನ್ನು ಎರಡು ಪಟ್ಟು ಮಾಡುತ್ತಾರೆ. ಅಣುಗಳು ಒಂದೊಂದಾಗಿಯೇ ಬರುತ್ತಿದ್ದರೆ ನಿಮಿಷಕ್ಕೆ ಬೀಳುವ ಮುಳ್ಳುಗಳೂ ಎರಡು ಪಟ್ಟಾಗಬೇಕು. ಎರಡೆರಡಾಗಿ ಬಂದು ಕೂರುತ್ತಿದ್ದರೆ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ಏನೂ ಬದಲಾಗದಿದ್ದರೆ ನೋಡಿದ್ದು ಕಸವನ್ನೇ. ಗೋಲಿಯನ್ನು ಬಿಸಾಕಿ, ಹೊಸ ಫೈಬರ್ ಸುಲಿಯಬೇಕು.