ಮದಗಕ್ಕೆ ಮರುಜೀವ: ಜೆಸಿಬಿ ಇಳಿಸುವ ಮೊದಲು ಅಂಚು ಗುರುತಿಸಿ

ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ 2019ರ ಬೇಸಗೆಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟೂ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟೂ ಬರಿದಾಗುತ್ತ ಬಂದು, ಎರಡೂ ನಗರಗಳಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಬಿದ್ದ ಮಳೆ ನಾಲ್ಕು ತಿಂಗಳಲ್ಲಿ ತೋಡು ಹಿಡಿದು ಕಡಲು ಸೇರುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಅದನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದಿಲ್ಲ. ಇಷ್ಟು ಕಾಲ ಹಿಡಿದಿಟ್ಟದ್ದು ಊರೂರಿನಲ್ಲಿ ಮದಗ, ಪಳ್ಳ ಎಂದು ಕರೆಯುವ ಕೆರೆಗಳು ಮತ್ತು ಅವುಗಳ ಕೆಳಗೆ ತಗ್ಗಿನಲ್ಲಿರುವ ಬೈಲುಗದ್ದೆ.

ಈಗ ಕೆರೆಗಳ ಅಭಿವೃದ್ಧಿಗೆ ಹಣ ಬರುತ್ತಿದೆ, ಸಂತೋಷ. ಆದರೆ ಹಣ ಬಂದ ಕಡೆ ಆಗುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಜೆಸಿಬಿ ಇಳಿದು ನಾಲ್ಕೂ ಬದಿಯನ್ನು ನೇರ ಕಡಿಯುತ್ತದೆ. ಕೆಂಪುಕಲ್ಲಿನ ಗೋಡೆ ಏಳುತ್ತದೆ, ಸುತ್ತ ಇಂಟರ್‌ಲಾಕ್ ಹಾಸು, ನಾಲ್ಕು ಬೆಂಚು, ಉದ್ಘಾಟನೆ. ನೀರೇನೋ ನಿಲ್ಲುತ್ತದೆ. ಕೊಳಬಕಕ್ಕೆ ಕಾಲೂರಲು ಜಾಗವಿಲ್ಲ, ಕಪ್ಪೆಗೆ ಹತ್ತಿ ಬರಲು ದಾರಿಯಿಲ್ಲ, ದನ ನೀರಿಗಿಳಿಯುವಂತಿಲ್ಲ. ಹಕ್ಕಿ, ಕಪ್ಪೆ, ಮೀನಿನ ಮರಿ, ಏರೋಪ್ಲೇನ್ ಚಿಟ್ಟೆ ಇವೆಲ್ಲ ಬದುಕುವುದು ನೀರೂ ನೆಲವೂ ಕೂಡುವ ಕೆಸರಿನ ಪಟ್ಟಿಯಲ್ಲಿ. ಆ ಪಟ್ಟಿಯನ್ನು ಉಳಿಸಿಕೊಂಡೇ ಹೂಳೆತ್ತಬಹುದು. ಅದಕ್ಕೆ ಬೇಕಾದದ್ದು ಸ್ವಲ್ಪ ತಾಳ್ಮೆ ಮತ್ತು ಒಂದು ಮಳೆಗಾಲದ ಮುಂದಾಲೋಚನೆ.

ಆಟಿಯಲ್ಲಿ ಶುರು ಮಾಡಿ

ಅಗೆಯುವ ಕೆಲಸ ಬೇಸಗೆಯದ್ದಾದರೂ ನೋಡುವ ಕೆಲಸ ಮಳೆಗಾಲದ್ದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಮಳೆ ಹೊಡೆಯುತ್ತಿರುವಾಗಲೇ ಕೊಡೆ ಹಿಡಿದು ಮದಗದ ಸುತ್ತ ನಡೆಯಿರಿ. ನೀರು ಯಾವ ತೋಡಿನಿಂದ ಬರುತ್ತದೆ, ಬರುವಾಗ ಕೆಂಪಗಿದೆಯೋ ತಿಳಿಯಾಗಿದೆಯೋ, ಎಲ್ಲಿ ಕೋಡಿ ಬೀಳುತ್ತದೆ, ಯಾವ ಮನೆಯ ಬಚ್ಚಲ ನೀರು ಬಂದು ಸೇರುತ್ತದೆ ಎಂಬುದನ್ನು ಬರೆದುಕೊಳ್ಳಿ. ನೀರು ಅತಿ ಮೇಲೆ ಬಂದ ಗೆರೆಯಲ್ಲಿ ಬಿದಿರಿನ ಗೂಟ ಹೊಡೆಯಿರಿ. ಪಗ್ಗು ತಿಂಗಳಲ್ಲಿ (ಏಪ್ರಿಲ್-ಮೇ) ನೀರು ಅತಿ ಕೆಳಗಿಳಿದಾಗ ಇನ್ನೊಂದು ಸಾಲು ಗೂಟ ಬೀಳಬೇಕು. ಈ ಎರಡು ಸಾಲುಗಳ ನಡುವೆ ಇರುವುದೇ ಅಂಚು. ನಕ್ಷೆಯಲ್ಲಿ ಅದನ್ನು ಬಣ್ಣ ಹಾಕಿ ತೋರಿಸಿ. ಗುತ್ತಿಗೆದಾರರ ಕೈಗೆ ಕೊಡುವ ಮೊದಲ ಕಾಗದ ಇದೇ ಆಗಿರಲಿ.

ಹಕ್ಕಿಗಳನ್ನೂ ಎಣಿಸಿ. ಬೆಳಗ್ಗೆ ಬೇಗ ಹೋಗಿ ಕಾಲು ಗಂಟೆ ಒಂದೇ ಕಡೆ ಕೂತು, ಯಾವ ಹಕ್ಕಿ ಎಷ್ಟು ಎಂದಷ್ಟೇ ಅಲ್ಲ, ಎಲ್ಲಿ ಎಂದೂ ಬರೆಯಿರಿ. ಗದ್ದೆಗೊರವ, ಉಲ್ಲಂಕಿಗಳಿಗೆ ಕಾಲ್ಬೆರಳು ಮುಳುಗುವಷ್ಟು ನೀರು ಸಾಕು. ಬೆಳ್ಳಕ್ಕಿ ಅದಕ್ಕಿಂತ ತುಸು ಆಳಕ್ಕೆ ಇಳಿಯುತ್ತದೆ. ಗುಳುಮುಳುಕ, ನೀರುಕಾಗೆಗಳಿಗೆ ಮುಳುಗು ಹಾಕುವಷ್ಟು ಆಳ ಬೇಕು. ಹುಂಡುಕೋಳಿ ಪೊದೆಯ ಬುಡ ಬಿಟ್ಟು ಬರುವುದು ಕಡಿಮೆ. ಪಟ್ಟಿ ಇಷ್ಟು ಸಿದ್ಧವಾದರೆ ನಿಮ್ಮ ಮದಗದಲ್ಲಿ ಯಾವ ಆಳ ಎಲ್ಲಿರಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣದಲ್ಲಿ ಈ ಪಟ್ಟಿಯನ್ನು ಹಾಕಿಟ್ಟರೆ ಮುಂದೆ ಯಾರಾದರೂ ‘ಇಲ್ಲಿ ಏನೂ ಇರಲಿಲ್ಲ’ ಎಂದಾಗ ತೋರಿಸಲು ದಾಖಲೆ ಇರುತ್ತದೆ. ವಲಸೆ ಹಕ್ಕಿಗಳು ಇರುವುದು ಸುಮಾರು ಸೆಪ್ಟೆಂಬರಿನಿಂದ ಏಪ್ರಿಲ್ ತನಕ. ಹಾಗಾಗಿ ಜನವರಿಯ ಎಣಿಕೆ ತಪ್ಪಿಸಬೇಡಿ. ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುವುದೂ ಅದೇ ತಿಂಗಳಲ್ಲಿ.

ಹಿರಿಯರ ಜೊತೆ ಕೂತು ಕೇಳಬೇಕಾದದ್ದು ಬೇರೆ. ಮೊದಲ ಮಳೆಗೆ ಉಬರ್ ಮೀನು ಯಾವ ದಾರಿಯಲ್ಲಿ ಹತ್ತಿ ಬರುತ್ತಿತ್ತು, ಈಗ ಎಲ್ಲಿ ತಡೆಯಾಗಿದೆ ಎಂದು ಕೇಳಿ. ಹೆಚ್ಚಿನ ಕಡೆ ಉತ್ತರ ಒಂದೇ: ರಸ್ತೆ ಮಾಡುವಾಗ ಹಾಕಿದ ಮೋರಿಯ ಪೈಪು ತೋಡಿನ ಮಟ್ಟಕ್ಕಿಂತ ಮೇಲಿದೆ. ಅದನ್ನು ಇಳಿಸಿ ಹಾಕುವುದು ಮದಗ ಅಗೆಯುವುದಕ್ಕಿಂತ ಎಷ್ಟೋ ಕಡಿಮೆ ಖರ್ಚಿನ ಕೆಲಸ.

ಕಾಗದ ಪತ್ರ

ಮದಗದ ದಡದಲ್ಲಿ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಪಹಣಿ ಮತ್ತು ಗ್ರಾಮ ನಕಾಶೆ ತೆಗೆಸಿ. ಹಳೆಯ ಮದ್ರಾಸು ಪ್ರಾಂತದ ದಾಖಲೆಯಿಂದ ಬಂದ ‘ಪರಂಬೋಕು’ ಎಂಬ ಶಬ್ದ ಕಂಡರೆ ಅದು ಸರಕಾರಿ ಜಾಗ. ಕೆರೆ, ತೋಡು, ಹೊಳೆಗಳು ಬೇರೊಬ್ಬರ ಸೊತ್ತಲ್ಲದಿದ್ದರೆ ಸರಕಾರದ್ದು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಗಡಿಯ ಬಗ್ಗೆ ತಕರಾರಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿಯೇ ಮುಂದುವರಿಯಿರಿ. ಅಳತೆಗೆ ಮೊದಲು ಯಂತ್ರ ಇಳಿಸಿದರೆ ಒತ್ತುವರಿಯಾದ ಭಾಗ ಹಾಗೇ ಬಿಟ್ಟುಹೋಗುತ್ತದೆ.

2017ರ ಜೌಗು ಪ್ರದೇಶ ನಿಯಮಗಳು ನಮ್ಮ ಮದಗವನ್ನು ಕಾಯುತ್ತವೆ ಎಂದು ಬಹಳ ಮಂದಿ ನಂಬಿದ್ದಾರೆ. ನಂಬಿಕೆಗೆ ಮೊದಲು ಓದಬೇಕು. ಗದ್ದೆ, ಹೊಳೆಯ ಪಾತ್ರ, ಕುಡಿಯುವ ನೀರಿಗಾಗಿ ಅಥವಾ ಬೇಸಾಯಕ್ಕಾಗಿ ಮನುಷ್ಯರು ಕಟ್ಟಿದ ಜಲಾಶಯ ಇವು ಆ ನಿಯಮಗಳ ವ್ಯಾಖ್ಯೆಯಿಂದ ಹೊರಗಿವೆ. ಇಸ್ರೋ 2011ರಲ್ಲಿ ಸಿದ್ಧಪಡಿಸಿದ ದೇಶದ ಜೌಗು ಪ್ರದೇಶಗಳ ಪಟ್ಟಿಯಲ್ಲಿ 2.25 ಹೆಕ್ಟೇರಿಗಿಂತ ದೊಡ್ಡವು ಎರಡು ಲಕ್ಷಕ್ಕೂ ಮಿಕ್ಕಿ ಇವೆ. ನಮ್ಮ ಮದಗಗಳಲ್ಲಿ ಹೆಚ್ಚಿನವು ಅದಕ್ಕಿಂತ ಸಣ್ಣವು. ಆದ್ದರಿಂದ ಊರಿನ ಕೈಯಲ್ಲಿರುವ ಗಟ್ಟಿ ಆಯುಧ ಪಹಣಿ ಮತ್ತು ಗ್ರಾಮಸಭೆಯ ನಿರ್ಣಯ. ನಿರ್ಣಯದಲ್ಲಿ ಮೂರು ಸಂಗತಿ ಸ್ಪಷ್ಟವಾಗಿ ಬರಲಿ: ಅಂಚಿನ ನಕ್ಷೆ, ಗೋಡೆ ಕಟ್ಟದೆ ಬಿಡುವ ಬದಿ, ತೆಗೆದ ಹೂಳು ಹೋಗುವ ಜಾಗ. ಸಭೆಗೆ ದೈವಸ್ಥಾನದ ಗುರಿಕಾರರನ್ನೂ ಮೀನುಗಾರರನ್ನೂ ಮುಂಡೇವಿನ (ಕೇದಗೆ ಜಾತಿಯ ಮುಳ್ಳುಪೊದೆ) ಓಲೆಯಲ್ಲಿ ಚಾಪೆ ಹೆಣೆಯುವ ಹೆಂಗಸರನ್ನೂ ಕರೆಯಿರಿ. ಮುಂಡೇವು ಕಡಿದು ದಡ ‘ಸ್ವಚ್ಛ’ ಮಾಡಿದಾಗ ಕಸುಬು ಹೋಗುವುದು ಅವರದ್ದು.

ತಳ ಮುಟ್ಟಿ ನೋಡುವುದು

ಅತಿ ಹೆಚ್ಚು ಹಾನಿ ಆಗುವುದು ಇಲ್ಲಿ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಫೆಬ್ರವರಿಯಲ್ಲಿ ನೀರು ಇಳಿದ ಮೇಲೆ ಪಿಕ್ಕಾಸು ಹಿಡಿದು ಐದಾರು ಕಡೆ ಒಂದೊಂದು ಅಡಿ ಅಗಲದ ಗುಂಡಿ ತೋಡಿ. ಮೇಲೆ ಸಿಗುವುದು ಕಪ್ಪು ಹೂಳು. ಕೊಳೆತ ಎಲೆಯ ವಾಸನೆ ಇರುತ್ತದೆ, ಕೈಯಲ್ಲಿ ಹಿಡಿದರೆ ಜಾರಿಹೋಗುತ್ತದೆ. ಅದರ ಕೆಳಗೆ ಬೂದು ಅಥವಾ ಬಿಳಿಚು ಬಣ್ಣದ ಜೇಡಿಯ ಪದರ. ಒಂದು ಚಿಟಿಕೆ ತೆಗೆದು ಎರಡೂ ಅಂಗೈ ನಡುವೆ ಉಜ್ಜಿ. ತುಂಡಾಗದೆ ದಾರದಂತೆ ಉದ್ದಕ್ಕೆ ಬಂದರೆ ಅದು ಜೇಡಿ. ಹರಳು ಹರಳಾಗಿ ಉದುರಿದರೆ ನೀವು ಮುರಕಲ್ಲಿನ ಮಣ್ಣಿಗೆ ಬಂದಿದ್ದೀರಿ.

ನೀರು ಇಂಗಿಹೋಗದಂತೆ ಕಾಯುವುದು ಈ ಜೇಡಿ ಪದರ. ಜೆಸಿಬಿ ಚಾಲಕನಿಗೆ ಹೂಳೂ ಜೇಡಿಯೂ ಒಂದೇ ಮಣ್ಣು. ‘ಇನ್ನೆರಡಡಿ ಆಳ ಆಗಲಿ’ ಎಂದು ಯಾರೋ ದಡದಿಂದ ಕೂಗಿದರೆ ಮುಗಿಯಿತು. ಪದರ ಹರಿದ ಮದಗ ನವೆಂಬರಿನಲ್ಲಿ ತುಂಬಿ ಕಂಡರೂ ಜನವರಿಗೆ ಒಣಗುತ್ತದೆ. ಪ್ರತಿ ಗುಂಡಿಯಲ್ಲಿ ಹೂಳು ಎಷ್ಟು ಇಂಚು ಎಂದು ಅಳೆದು, ಅಲ್ಲಲ್ಲೇ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಅಗೆತ ನಿಲ್ಲಬೇಕಾದ ಆಳ ಅದು. ಅಗೆಯುವ ದಿನ ಊರಿನ ಒಬ್ಬರಾದರೂ ಯಂತ್ರದ ಪಕ್ಕ ನಿಂತಿರಬೇಕು.

ಅಗೆಯುವಾಗ

ದಡವನ್ನು ನೇರ ಕಡಿಯಬೇಡಿ. ನಮ್ಮ ಮುರಕಲ್ಲಿನ ಅಡಿಯ ಶೇಡಿ ಮಣ್ಣು ನೀರು ಕುಡಿದರೆ ಕುಸಿಯುತ್ತದೆ. ಕಡಿದಾದ ದಡ ಒಂದೇ ಮಳೆಗೆ ಜಾರಿ ಮತ್ತೆ ಹೂಳಾಗುತ್ತದೆ, ಆಮೇಲೆ ‘ಗೋಡೆ ಕಟ್ಟದೆ ಉಪಾಯವಿಲ್ಲ’ ಎಂಬ ಮಾತು ಬರುತ್ತದೆ. ಕನಿಷ್ಠ ಎರಡು ಬದಿಯಲ್ಲಿ ಒಂದಡಿ ಇಳಿಜಾರಿಗೆ ಐದಡಿ ಅಗಲವಾದರೂ ಇರಲಿ. ಜಾಗವಿದ್ದರೆ ಎಂಟು, ಹತ್ತು ಅಡಿ ಇನ್ನೂ ಒಳ್ಳೆಯದು. ಮೆಟ್ಟಿಲು, ಗೋಡೆ, ನಡೆಯುವ ದಾರಿ ಬೇಕೇಬೇಕೆಂದರೆ ಅವೆಲ್ಲ ಒಂದೇ ಬದಿಗೆ ಸೇರಲಿ. ಮಧ್ಯದಲ್ಲೊಂದು ಗುಂಡಿ ಆಳವಾಗಿರಬೇಕು. ಬೇಸಗೆಯಲ್ಲಿ ಮೀನು ಉಳಿಯುವುದು ಅಲ್ಲಿ.

ತೆಗೆದ ಹೂಳನ್ನು ದಡದ ಮೇಲೆ ರಾಶಿ ಹಾಕಿದರೆ ಜೂನ್ ಮೊದಲ ವಾರದಲ್ಲಿ ಅಷ್ಟೂ ವಾಪಸು ಬರುತ್ತದೆ. ತೆಂಗು, ಅಡಿಕೆಯ ಬುಡಕ್ಕೆ ಅದು ಒಳ್ಳೆಯ ಮಣ್ಣು, ಗದ್ದೆಗೂ ಆಗುತ್ತದೆ. ಚರಂಡಿ ನೀರು ಸೇರುವ ಮದಗವಾದರೆ ಮಾತ್ರ ಪರೀಕ್ಷೆ ಮಾಡಿಸದೆ ತರಕಾರಿಗೆ ಹಾಕಬೇಡಿ.

ಎಲ್ಲವೂ ಪತ್ತನಾಜೆಯೊಳಗೆ ಮುಗಿಯಬೇಕು. ಮೇ 24ರ ಸುಮಾರಿಗೆ ಕೋಲ, ಕಂಬಳ ಎಲ್ಲ ನಿಲ್ಲುವ ದಿನವೇ ಮಣ್ಣಿನ ಕೆಲಸಕ್ಕೂ ಗಡುವು ಎಂದಿಟ್ಟುಕೊಳ್ಳಿ. ದಡಕ್ಕೆ ಗಿಡ ನೆಡುವುದಾದರೆ ಮುಂಡೇವು, ಹೊಂಗೆ, ಸುರಹೊನ್ನೆ. ಅಕೇಶಿಯಾ ಬೇಡ. ಪಕ್ಕದಲ್ಲಿ ನಾಗಬನವಿದ್ದರೆ ಅಲ್ಲಿ ಏನೂ ಮಾಡದಿರುವುದೇ ದೊಡ್ಡ ಕೆಲಸ; ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿದ ಬನದಲ್ಲಿ ನೆರಳೂ ಇಲ್ಲ, ಹಕ್ಕಿಯೂ ಇಲ್ಲ.

ಕಳೆ ಯಾವುದು, ಗೂಡು ಯಾವುದು

ಅಂತರಗಂಗೆಯಂತಹ ತೇಲುವ ಕಳೆ ನೀರು ಮುಚ್ಚಿದರೆ ಬೆಳಕು ಒಳಗಿಳಿಯದೆ ಮೀನು ಸಾಯುತ್ತದೆ. ಅದನ್ನು ತೆಗೆಯಲೇಬೇಕು. ವಾಟರ್ ಹಯಸಿಂತ್ ಇದ್ದರೆ ಹೂ ಬಿಡುವ ಮೊದಲೇ ಬೇರುಸಹಿತ ಎತ್ತಿ, ಮಳೆನೀರು ಮುಟ್ಟದ ದೂರದಲ್ಲಿ ಗೊಬ್ಬರಕ್ಕೆ ಹಾಕಿ. ಅದರ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಒಂದು ಸಲ ತೆಗೆದು ಸುಮ್ಮನಾದರೆ ಸಾಲದು.

ಆದರೆ ನೈದಿಲೆ, ತಾವರೆಗಳನ್ನು ಕಳೆಯ ಲೆಕ್ಕಕ್ಕೆ ಸೇರಿಸಿ ಪೂರ್ತಿ ಕಿತ್ತುಹಾಕಬೇಡಿ. ಕಂಚುರೆಕ್ಕೆಯ ದೇವನಕ್ಕಿ ಮಳೆಗಾಲದಲ್ಲಿ ಮೊಟ್ಟೆ ಇಡುವುದು ಆ ಎಲೆಗಳ ಮೇಲೆ. ನಾಲ್ಕು ಮೊಟ್ಟೆ, ಹೊಳೆಯುವ ಕಂದು ಬಣ್ಣ, ಮೇಲೆಲ್ಲ ಕಪ್ಪು ಗೀರುಗಳು. ಹೆಣ್ಣು ಇಟ್ಟು ಹೋದ ಮೊಟ್ಟೆಗೆ ಕಾವು ಕೊಡುವುದು, ಮರಿಗಳನ್ನು ಕಾಯುವುದು ಗಂಡಿನ ಕೆಲಸ. ಉದ್ದುದ್ದ ಬೆರಳುಗಳನ್ನು ಅಗಲಿಸಿ ಎಲೆಯಿಂದ ಎಲೆಗೆ ಅದು ನಡೆಯುವುದನ್ನು ಒಮ್ಮೆ ನೋಡಿದವರು ಜುಲೈಯಲ್ಲಿ ದೋಣಿ ಇಳಿಸಿ ‘ಶ್ರಮದಾನ’ ಮಾಡಲಾರರು. ಕಳೆ ತೆಗೆಯುವುದು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಯಲಿ. ಒಂದು ಮೂಲೆಯ ಎಲೆಗಳನ್ನು ಯಾವಾಗಲೂ ಹಾಗೇ ಬಿಡಿ.

ಈ ಮಾತಿಗೆ ‘ಸೊಳ್ಳೆ ಆಗುತ್ತದಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಟಯರು, ಡ್ರಮ್ಮು, ರಬ್ಬರ್ ಹಾಲಿನ ತೊಟ್ಟೆ, ಬಿದ್ದ ಅಡಿಕೆ ಹಾಳೆ ಇಂಥವುಗಳಲ್ಲಿ ನಿಂತ ನೀರಿನಲ್ಲಿ. ಮೀನೂ ಏರೋಪ್ಲೇನ್ ಚಿಟ್ಟೆಯ ಮರಿಯೂ ಇರುವ ಮದಗದಲ್ಲಿ ಸೊಳ್ಳೆಮರಿ ಹೆಚ್ಚು ಉಳಿಯುವುದಿಲ್ಲ. ಹೊರಗಿನ ಮೀನು ತಂದು ಬಿಡುವುದು ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಸೇರಿದರೆ ಊರಿನ ಸಣ್ಣ ಮೀನುಗಳ ಕಥೆ ಮುಗಿದಂತೆ.

ಕೆಳಗಿನ ಬೈಲು

ಮದಗ ಮಾತ್ರ ಸರಿಯಾದರೆ ಸಾಲದು. ಅದರ ನೀರು ಇಳಿಯುವ ಬೈಲಿನಲ್ಲಿ ಏಣೆಲು (ಮಳೆಗಾಲದ ಭತ್ತ) ಬೆಳೆ ಇದ್ದರೆ ಮಳೆಗಾಲವಿಡೀ ಅಲ್ಲಿ ನೀರು ನಿಂತು ಬಾವಿಗಳಿಗೆ ಇಂಗುತ್ತದೆ. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದರೆ ಕಟ್ಟಪುಣಿ (ಗದ್ದೆಯ ಬದು) ಒಡೆದು ನೀರು ಓಡುತ್ತದೆ; ಆಮೇಲೆ ಬರುವುದು ಟಿಪ್ಪರ್‌ಗಟ್ಟಲೆ ಮಣ್ಣು. ಉಡುಪಿಯಲ್ಲಿ 2021ರಲ್ಲಿ ಹಡಿಲು ಗದ್ದೆಗಳಲ್ಲಿ ಮತ್ತೆ ಬೇಸಾಯ ಮಾಡುವ ಆಂದೋಲನ ನಡೆದಾಗ ಹಡಿಲು ಬಿದ್ದ ನೆಲವನ್ನೂ ಮರಳಿ ಗದ್ದೆ ಮಾಡಬಹುದು ಎಂಬುದು ಎಲ್ಲರಿಗೂ ಕಂಡಿತು. ಬೇಸಾಯಕ್ಕೆ ಜನ ಸಿಗದಿದ್ದರೂ ಜೂನ್ ಮೊದಲು ಪುಣಿ ಕಟ್ಟಿ ನೀರು ನಿಲ್ಲಿಸಿ. ಕಿಂಡಿ ಅಣೆಕಟ್ಟು ಇರುವಲ್ಲಿ ಮಳೆ ನಿಂತ ಕೂಡಲೇ ಹಲಗೆ ಹಾಕಿಸುವುದು ಪಂಚಾಯತ್‌ನ ಬೆನ್ನು ಹತ್ತಿ ಮಾಡಿಸಬೇಕಾದ ಕೆಲಸ. ತಡವಾದರೆ ಅಳಿವೆಯ ಕಡೆಯಿಂದ ಉಪ್ಪುನೀರು ಏರಿ ಬಾವಿ ಕೆಡುತ್ತದೆ.

ಅಳಿವೆಯ ಊರುಗಳಿಗೆ ಒಂದು ಎಚ್ಚರಿಕೆ

ಕೋಡಿ ಬೆಂಗ್ರೆ, ಮೂಲ್ಕಿಯ ಶಾಂಭವಿ ಅಳಿವೆ, ಕುಂದಾಪುರದ ಪಂಚಗಂಗಾವಳಿಯ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಉತ್ಸಾಹ ಹೆಚ್ಚಿದೆ. ಒಳ್ಳೆಯದೇ. ಆದರೆ ಇಳಿತದಲ್ಲಿ ತೆರೆದುಕೊಳ್ಳುವ ಬೋಳು ಕೆಸರಿನಲ್ಲಿ ನೆಡಬೇಡಿ. ವಲಸೆ ಬಂದ ಗೊರವಗಳು ಉಣ್ಣುವುದು, ಊರವರು ಮರುವಾಯಿ (ಚಿಪ್ಪುಮೀನು) ಹೆಕ್ಕುವುದು ಆ ಕೆಸರಿನಲ್ಲೇ. ಅಲ್ಲಿ ನೆಟ್ಟ ಸಸಿ ಬದುಕುವುದೂ ಕಡಿಮೆ. ಹಿಂದೆ ಕಾಂಡ್ಲಾ ಇದ್ದು ಈಗ ಕಡಿದುಹೋದ, ಭರತದ ನೀರು ಬಂದು ಹೋಗುವ ಮೇಲಿನ ಪಟ್ಟಿ ಹುಡುಕಿ. ಅಲ್ಲಿ ಭರತಕ್ಕೆ ತಡೆ ಇದ್ದರೆ ಅದನ್ನು ತೆಗೆದರೆ ಎಷ್ಟೋ ಕಡೆ ಗಿಡ ತಾನಾಗಿ ಬರುತ್ತದೆ. ಇರುವ ಕಾಂಡ್ಲಾವನ ಸಿಆರ್‌ಝಡ್-1ಎ ವಲಯ, ಎಂದರೆ ಕರಾವಳಿ ನಿಯಂತ್ರಣ ವಲಯದ ಅತಿ ಸೂಕ್ಷ್ಮ ಭಾಗ. 1000 ಚದರ ಮೀಟರಿಗಿಂತ ದೊಡ್ಡದಾದರೆ ಸುತ್ತ 50 ಮೀಟರ್ ಬಫರ್ ಬಿಡಬೇಕೆಂದು 2019ರ ಅಧಿಸೂಚನೆ ಹೇಳುತ್ತದೆ. ಖಾಸಗಿ ಜಾಗದ ಕಾಂಡ್ಲಾಕ್ಕೆ ಈ ಬಫರ್ ಇಲ್ಲ. ಪಕ್ಕದ ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಚಿಪ್ಪು ಹೆಕ್ಕುವವರೂ ಉಪ್ಪುನೀರು ಬರುವ ಗಜನಿ ಗದ್ದೆಯ ರೈತರೂ ಇರುವ ಅಳಿವೆ ಅದು. ನಮ್ಮ ಅಳಿವೆಗಳನ್ನೂ ಹಾಗೆ ಕಾಣುವ ಕಾಲ ಬರಬೇಕು.

ಪುಸ್ತಕ ಇಡಿ

ಮೊದಲ ಮಳೆಗಾಲ ಕಳೆದ ಮೇಲೆ ತಿಂಗಳಿಗೊಮ್ಮೆ ಎರಡು ಲೆಕ್ಕ ಬರೆಯಿರಿ. ಒಂದು, ಅದೇ ಜಾಗದಲ್ಲಿ ಕೂತು ಎಣಿಸಿದ ಹಕ್ಕಿಗಳ ಪಟ್ಟಿ. ಇನ್ನೊಂದು, ಮದಗದ ಕೆಳಗಿನ ಮೂರು ಬಾವಿಗಳಲ್ಲಿ ಕಟ್ಟೆಯಿಂದ ನೀರಿನ ತನಕ ಎಷ್ಟು ಹಗ್ಗ ಇಳಿಯಿತು ಎಂಬುದು. ಹೈಸ್ಕೂಲಿನ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ಪುಸ್ತಕ ಪಂಚಾಯತ್ ಗ್ರಂಥಾಲಯದಲ್ಲಿರಲಿ, ಪ್ರತಿ ಗ್ರಾಮಸಭೆಯಲ್ಲಿ ಓದಿಸಿ. ಮುಂದಿನ ಅನುದಾನದಲ್ಲಿ ಯಾರಾದರೂ ಉಳಿದ ಬದಿಗಳಿಗೂ ಗೋಡೆ ಕಟ್ಟುವ ಪ್ರಸ್ತಾವ ತಂದರೆ ಆ ಪುಸ್ತಕವನ್ನೂ ಗೂಟದ ನಕ್ಷೆಯನ್ನೂ ಸಭೆಯ ಮುಂದಿಟ್ಟು ಮಾತಾಡಿ.