ಕೈಲ್‌ಪೊಳ್ದಿಗೆ ಮುನ್ನ ಕೋವಿಯ ನಳಿಗೆ ಶುಚಿ ಮಾಡುವ ಬಗೆ

ಸೆಪ್ಟೆಂಬರ್ 3ರಂದು ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್‌ಪೊಳ್ದಿಗೆ ಎರಡು ದಿನ ಇರುವಾಗ ಕೋವಿಯನ್ನು ಕೆಳಗಿಳಿಸಿ, ಹೊರಗಿನ ತುಕ್ಕನ್ನು ಉಜ್ಜಿ, ನಳಿಗೆಯೊಳಗೆ ತೆಂಗಿನೆಣ್ಣೆ ಸುರಿದು, ಕೆಲಸ ಮುಗಿಯಿತೆಂದು ಒರಗಿಸಿಡುವವರನ್ನು ಪ್ರತಿ ವರ್ಷವೂ ನೋಡುತ್ತಿದ್ದೇನೆ. ಜೂನ್‌ನಿಂದ ಹಿಡಿದ ಮಳೆಯ ತೇವ ಹೊರಮೈಯಂತೆ ಒಳಮೈಯನ್ನೂ ತಿಂದಿರುತ್ತದೆ. ಹೊರಗಿನದು ಕಣ್ಣಿಗೆ ಬೀಳುತ್ತದೆ, ಒಳಗಿನದು ಬೀಳುವುದಿಲ್ಲ. ಇಲ್ಲಿ ಹೇಳುತ್ತಿರುವುದು ಹೆಚ್ಚಿನ ಮನೆಗಳಲ್ಲಿರುವ 12 ಬೋರಿನ ಜೋಡುನಳಿಗೆಯ, ತೋಟೆ (ಕಾಡತೂಸು) ಹಾಕುವ ಕೋವಿಯ ಬಗ್ಗೆ.

ಮೊದಲು ಕೋವಿಯನ್ನು ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ಬುಡ ತೆರೆದು, ಎರಡೂ ನಳಿಗೆಗಳಲ್ಲಿ ತೋಟೆ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ತೋಟೆಗಳ ಪೆಟ್ಟಿಗೆ ಬೇರೆ ಕೋಣೆಯಲ್ಲಿರಲಿ. ಬಳಿಕ ಮುಂಭಾಗದ ಮರವನ್ನು ಕಳಚಿ ನಳಿಗೆಗಳನ್ನು ಬೇರ್ಪಡಿಸಬೇಕು.

ಹೆಚ್ಚಿನವರು ಎಡವುವುದು ನಳಿಗೆಯ ಒಳಭಾಗದಲ್ಲಿ. ಸರಳನ್ನು ಯಾವಾಗಲೂ ತೋಟೆ ಕೂರುವ ಬುಡದ ಕಡೆಯಿಂದ ತೂರಿಸಿ ಬಾಯಿಯ ಕಡೆಗೆ ತಳ್ಳಬೇಕು. ಬಾಯಿಯಿಂದ ತೂರಿಸಿದರೆ ಕೊಳೆಯೆಲ್ಲ ಬುಡಕ್ಕೆ ಬಂದು ಸೇರುತ್ತದೆ, ಸರಳಿನ ಲೋಹದ ತುದಿ ತಾಗಿ ಬಾಯಿಯ ಅಂಚೂ ಸವೆಯುತ್ತದೆ. ಮರದ ಸರಳೇ ಉತ್ತಮ. ಮೊದಲು ಶುಚಿಕಾರಕ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಒಮ್ಮೆ ಹಾಯಿಸಿ ಹತ್ತು ನಿಮಿಷ ಬಿಟ್ಟು, ಅನಂತರ ಕಂಚಿನ ತಂತಿಯ ಬ್ರಷ್ಷನ್ನು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿಯಾಗಿ ಎಳೆಯಬೇಕೇ ಹೊರತು ನಳಿಗೆಯ ನಡುವೆ ದಿಕ್ಕು ಬದಲಿಸಬಾರದು. ಬಟ್ಟೆ ಮೊದಲು ಮಸಿಯಂತೆ ಕಪ್ಪಾಗಿ, ಆಮೇಲೆ ಕಂದು ತುಕ್ಕಿನೊಂದಿಗೆ ಹೊರಬರುತ್ತದೆ. ಹೊಸ ಬಟ್ಟೆ ಬೆಳ್ಳಗೆ ಬರುವವರೆಗೆ ನಿಲ್ಲಿಸಬೇಡಿ. ಬುಡದಲ್ಲಿ ತೋಟೆಯ ಮನೆ ಮುಗಿಯುವ ಜಾಗದಲ್ಲಿ ಸೀಸ ಮತ್ತು ಪ್ಲಾಸ್ಟಿಕ್ಕಿನ ಅಂಟು ಗಟ್ಟಿಯಾಗಿ ಕೂತಿರುವುದರಿಂದ ಅಲ್ಲಿಗೆ ಬ್ರಷ್ಷನ್ನು ತಿರುವುತ್ತಾ ಹೆಚ್ಚು ಹೊತ್ತು ಕೊಡಬೇಕು.

ಈಗ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬುಡದಿಂದ ನೋಡಿ. ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಾಗಿ ಕಾಣಬೇಕು. ಯಾವುದಾದರೂ ಬಳೆ ಸೊಟ್ಟಗಾಗಿದ್ದರೆ ಅಲ್ಲಿ ನಳಿಗೆ ನೆಗ್ಗಿದೆ. ಕಪ್ಪು ಚುಕ್ಕೆಗಳಿದ್ದರೆ ತುಕ್ಕು ಗುಳಿ ತೋಡಿದೆ. ಆ ಗುಳಿಯನ್ನು ಸ್ಯಾಂಡ್‌ಪೇಪರಿನಿಂದ ತೆಗೆಯಲು ಹೋಗುವುದು ದೊಡ್ಡ ತಪ್ಪು, ಏಕೆಂದರೆ ಗುಳಿಯ ಜೊತೆಗೆ ನಳಿಗೆಯ ದಪ್ಪವೂ ಕರಗುತ್ತದೆ. ಅಂಥ ಕೋವಿಯನ್ನು ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಹಾರಿಸಬೇಡಿ.

ಟ್ರಿಗರ್ ಬಿಗಿ ಎಂದು ಕುದುರೆಯ (ತೋಟೆ ಹೊತ್ತಿಸಲು ಪೆಟ್ಟು ಕೊಡುವ ಭಾಗದ) ಸ್ಪ್ರಿಂಗನ್ನು ಮನೆಯಲ್ಲೇ ಅರದಿಂದ ತೇಯುವವರೂ ಇದ್ದಾರೆ. ಸ್ಪ್ರಿಂಗ್ ಸೋತರೆ ಕುದುರೆಯ ಪೆಟ್ಟು ಹಗುರವಾಗಿ ತೋಟೆ ಹೊತ್ತಿಕೊಳ್ಳುವುದಿಲ್ಲ. ಎಷ್ಟೋ ಬಾರಿ ಬಿಗಿಗೆ ಕಾರಣ ಸ್ಪ್ರಿಂಗಲ್ಲ, ಹಿಂದಿನ ವರ್ಷಗಳಲ್ಲಿ ಸುರಿದ ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಡಿಸೆಂಬರಿನ ಮುಂಜಾವಿನಲ್ಲಿ ಅದಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ವರ್ಷ ಕಳೆದಂತೆ ಅಂಟಾಗಿ ಧೂಳನ್ನೂ ಹಿಡಿದಿಡುತ್ತದೆ. ತುಕ್ಕು ಸಡಿಲಿಸುವ ಸ್ಪ್ರೇಗಳನ್ನೂ ನಾನು ಒಪ್ಪುವುದಿಲ್ಲ. ಅವು ಬೇಗ ಆರಿಹೋಗುತ್ತವೆ, ಮಳೆಗಾಲ ಪೂರ್ತಿ ಕಾಯುವುದಿಲ್ಲ. ಕೋವಿಗೆಂದೇ ಮಾಡಿದ ತೆಳು ಎಣ್ಣೆಯ ಎರಡು ಹನಿಯನ್ನು ಬಟ್ಟೆಗೆ ಹಾಕಿ ಒಳಗೂ ಹೊರಗೂ ಸವರಿದರೆ ಸಾಕು.

ಮರಕ್ಕೆ ಅಗಸೆ ಎಣ್ಣೆ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹೀರಿ ಕಬ್ಬಿಣಕ್ಕೆ ಕೊಡುತ್ತದೆ.

ಪೂಜೆಯ ದಿನ ಹಚ್ಚಿದ ಗಂಧ ಮತ್ತು ಕುಂಕುಮವನ್ನು ಅಂದೇ ಒರೆಸಿಬಿಡಿ. ತೆಂಗಿನಕಾಯಿಗೆ ಗುಂಡು ಹೊಡೆಯಲು ಹೊರಡುವ ಮುನ್ನ ನಳಿಗೆಯಲ್ಲಿ ಉಳಿದ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆದು, ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿದ್ದರೆ ಅದರ ತೊಟ್ಟೂ ಉಳಿಯದಂತೆ ಎಳೆದು, ಕೋವಿಯನ್ನು ಮುರಿದು ಎರಡೂ ನಳಿಗೆಗಳಲ್ಲಿ ಆಚೆಯ ಬೆಳಕು ಕಾಣುವುದನ್ನು ನೋಡಿಕೊಂಡ ಮೇಲೆಯೇ ತೋಟೆ ತುಂಬಿ.