ಪಾಲಿಸಿ ರಿಸರ್ಚಿನವರು ಜಗಲಿಗೆ ಬಂದರೆ ಯಾರ ಹತ್ತಿರ ಏನು ಹೇಳಬೇಕು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಪಾಲಿಸಿ ರಿಸರ್ಚಿನವರು, ಅಂದರೆ ಸರ್ಕಾರದ ನೀತಿಗಳನ್ನು ಅಧ್ಯಯನ ಮಾಡುವ ಸಂಸ್ಥೆಗಳವರು, ಹೊಸಬರೇನಲ್ಲ. ಮಂಗನ ಕಾಯಿಲೆ, ಅಡಿಕೆಯ ಎಲೆಚುಕ್ಕಿ ರೋಗ, ಶರಾವತಿ ಮುಳುಗಡೆ, ಅರಣ್ಯ ಹಕ್ಕು, ಪಶ್ಚಿಮಘಟ್ಟ ಸಂರಕ್ಷಣೆಯ ಕಸ್ತೂರಿರಂಗನ್ ವರದಿ, ಹೀಗೆ ಏನಾದರೊಂದು ವಿಷಯ ಇಟ್ಟುಕೊಂಡು ಕೈಯಲ್ಲೊಂದು ಟ್ಯಾಬ್ ಹಿಡಿದು ಅಂಗಳಕ್ಕೆ ಬರುತ್ತಾರೆ. ನಮ್ಮಲ್ಲಿ ಅರ್ಧ ಜನ ಇವರನ್ನು ಸರ್ಕಾರದವರು ಅಂದುಕೊಂಡು ರಸ್ತೆ ಬೇಕು ಅಂತ ಅರ್ಜಿ ಕೊಡುತ್ತಾರೆ. ಉಳಿದರ್ಧ ಜನ ತೋಟದಲ್ಲಿ ಕೆಲಸ ಇದೆ ಅಂತ ಹೇಳಿ ಸಾಗಹಾಕುತ್ತಾರೆ. ಎರಡರಿಂದಲೂ ಏನೂ ಗಿಟ್ಟುವುದಿಲ್ಲ.

ಇವರ ಸಂಸ್ಥೆ ಸಾಮಾನ್ಯವಾಗಿ ಒಂದು ಟ್ರಸ್ಟೋ, ಸೊಸೈಟಿಯೋ ಆಗಿರುತ್ತದೆ. ಲಾಭಕ್ಕಲ್ಲ. ಸರ್ಕಾರದ ಕಾನೂನು, ಯೋಜನೆ, ಬಜೆಟ್ಟು ಜನರ ಮಟ್ಟದಲ್ಲಿ ಏನಾಗುತ್ತಿದೆ ಅಂತ ನೋಡಿ ಬರೆಯುವುದು ಕೆಲಸ. ಇಂಥ ಸಂಸ್ಥೆಗಳಲ್ಲಿ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) 1972ರಿಂದ ಇದೆ, ದೆಹಲಿಯ ಸಿಪಿಆರ್ (ಸೆಂಟರ್ ಫಾರ್ ಪಾಲಿಸಿ ರಿಸರ್ಚ್) 1973ರಿಂದ. ಶಿಫಾರಸು ಮಾಡಬಹುದು, ಆದೇಶ ಮಾಡುವ ಅಧಿಕಾರ ಇಲ್ಲ. ಆದ್ದರಿಂದ ರಸ್ತೆಯ ಅರ್ಜಿ ಪಂಚಾಯ್ತಿಗೇ ಕೊಡಿ. ಪಾಪ, ಟ್ಯಾಬ್ ಹಿಡಿದು ಬಂದ ಹುಡುಗಿ ಅದನ್ನು ತಗೊಂಡು ಏನು ಮಾಡುತ್ತಾಳೆ?

ಮೊದಲು ಆಸರಿಗೆ, ಅಂದರೆ ಕುಡಿಯಲು ಏನಾದರೂ, ಕೊಡಿ. ಆಮೇಲೆ ಕೇಳಿ: "ತಂಗೀ, ನಿಮ್ಮ ಸಂಸ್ಥೆ ಯಾವುದು, ದುಡ್ಡು ಯಾರದು, ನಾನು ಹೇಳಿದ್ದು ಎಲ್ಲಿಗೆ ಹೋಗುತ್ತೆ?" ಸರಿಯಾದ ಸಂಸ್ಥೆಯಾದರೆ ಇಷ್ಟನ್ನು ನೀವು ಕೇಳುವ ಮೊದಲೇ ಅವಳೇ ಹೇಳಿ, ನಿಮ್ಮ ಒಪ್ಪಿಗೆ ತಗೊಂಡಿರುತ್ತಾಳೆ. ಬೇಡವಾದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ಆಧಾರ್ ನಂಬರು, ಬ್ಯಾಂಕ್ ಪಾಸ್‌ಬುಕ್ಕು, ಓಟಿಪಿ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಮನೆಗೆ ಬರುವವರು ಸಾಮಾನ್ಯವಾಗಿ ಫೀಲ್ಡಿನವರು. ಎಷ್ಟೋ ಸಲ ನಮ್ಮ ಜಿಲ್ಲೆಯವರೇ, ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಓದು ಮುಗಿಸಿ ಈ ಸರ್ವೆಗೆ ಅಂತ ಮಾತ್ರ ಸೇರಿಕೊಂಡವರು. ಪ್ರಶ್ನೆ ಬರೆದದ್ದು ಇವರಲ್ಲ, ಹಾಗಾಗಿ ಇವರ ಮೇಲೆ ಸಿಟ್ಟು ಮಾಡಿ ಉಪಯೋಗ ಇಲ್ಲ. ಆದರೆ ಎಡವಟ್ಟು ಶುರುವಾಗುವುದು ಇಲ್ಲೇ. ಜಮೀನು ಸ್ವಂತದ್ದಾ, ಗೇಣಿಯದ್ದಾ, ಸರ್ಕಾರದ್ದಾ ಅಂತ ಟ್ಯಾಬಿನಲ್ಲಿ ಮೂರೇ ಆಯ್ಕೆ ಇರುತ್ತೆ ಅಂತಿಟ್ಟುಕೊಳ್ಳಿ. ನಿಮ್ಮ ತೋಟಕ್ಕೆ ಸೊಪ್ಪು, ದರಗು (ಒಣ ಎಲೆ) ಬರುವ ಸೊಪ್ಪಿನಬೆಟ್ಟ ಯಾವ ಆಯ್ಕೆಗೆ ಬಂತು? ಒಡೆತನ ಸರ್ಕಾರದ್ದು, ಸೊಪ್ಪು ತರುವ ಸವಲತ್ತು ನಿಮ್ಮದು. 1964ರ ಭೂ ಕಂದಾಯ ಕಾಯ್ದೆಯ 79ನೇ ಸೆಕ್ಷನ್ನಿನಲ್ಲಿ ಇಂಥ ಸವಲತ್ತಿನ ಜಾಗಗಳಾದ ಕುಮ್ಕಿ, ಬಾಣೆ, ಸೊಪ್ಪಿನಬೆಟ್ಟದ ಹೆಸರು ಹಿಡಿದೇ ಬರೆದಿದ್ದಾರೆ. ಸುಮ್ನೆ "ಸರ್ಕಾರದ್ದು" ಅಂತ ಒತ್ತಿಸಿಬಿಟ್ಟರೆ, ನಾಳೆ ವರದಿಯಲ್ಲಿ ನೀವು ಸರ್ಕಾರಿ ಜಾಗ ಬಳಸುವವರ ಲೆಕ್ಕಕ್ಕೆ ಸೇರುತ್ತೀರಿ, ಅದನ್ನು ಓದಿದವರು ಒತ್ತುವರಿ ಅಂದುಕೊಂಡರೂ ಆಶ್ಚರ್ಯ ಇಲ್ಲ. "ಇತರೆ" ಅಂತ ಒಂದು ಜಾಗ ಇದೆಯಾ ಕೇಳಿ, ಸೊಪ್ಪಿನಬೆಟ್ಟ ಅಂತಲೇ ಬರೆಸಿ, ಬರೆದಿದ್ದನ್ನು ಓದಿಸಿ ಕೇಳಿ. ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಾಗಕ್ಕೂ ಇದೇ ಮಾತು, ಸಕ್ರಮದ ಅರ್ಜಿಗಳಾದ ಫಾರಂ 50, 53, 57ರಲ್ಲಿ ಯಾವುದು ಹಾಕಿದ್ದೀರಿ ಅನ್ನುವುದನ್ನೂ ಸೇರಿಸಿ. ಅಡಿಕೆ ಫಸಲು ಕೇಳಿದರೆ ಹಸಿಯಾ, ಸಿಪ್ಪೆ ಸಮೇತ ಒಣಗಿಸಿದ ಚಾಲಿಯಾ, ಬೇಯಿಸಿ ಒಣಗಿಸಿದ ಕೆಂಪಡಿಕೆಯಾ ಅಂತ ನೀವೇ ತಿರುಗಿ ಕೇಳಿ. ಕ್ವಿಂಟಾಲ್ ಒಂದೇ ಆದರೂ ಲೆಕ್ಕ ಬೇರೆ ಅಲ್ವಾ.

ಸೌದೆ, ನೀರು, ಅಂಗನವಾಡಿ ಬಗ್ಗೆ ಕೇಳಿದರೆ ಗಂಡಸರು ಉತ್ತರ ಕೊಡಲು ಹೋಗಬೇಡಿ. ಒಳಗಿರುವ ಅಮ್ಮನನ್ನೋ ಅತ್ತಿಗೆಯನ್ನೋ ಕರೆಯಿರಿ, ಗೊತ್ತಿರುವುದು ಅವರಿಗೆ.

ಆ ಹುಡುಗಿಯ ಹಿಂದೆ ರಿಸರ್ಚ್ ಅಸೋಸಿಯೇಟ್ ಅಂತ ಒಬ್ಬರು ಇರುತ್ತಾರೆ. ಜಾಸ್ತಿ ಮಾತಾಡಬೇಕಾದ್ದು ಇವರ ಹತ್ತಿರ, ಏಕೆಂದರೆ ವರದಿಯ ಮೊದಲ ಕರಡು ಬರೆಯುವುದು ಇವರು. ವಯಸ್ಸು ಚಿಕ್ಕದು, ಓದು ದೊಡ್ಡದು, ಕನ್ನಡ ಕೆಲವೊಮ್ಮೆ ಅಷ್ಟಕ್ಕಷ್ಟೆ. ಇವರಿಗೆ ನಮ್ಮ ಕಷ್ಟದ ಕಥೆಗಿಂತ ಕಾಗದ ಕೊಟ್ಟರೆ ಖುಷಿ. ಗ್ರಾಮಸಭೆ ನಡಾವಳಿ, ಪಹಣಿ, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಅರ್ಜಿ ತಿರಸ್ಕಾರ ಮಾಡಿ ಕೊಟ್ಟ ಹಿಂಬರಹ. ಯಾಕೆ ಕೊಡಲಿಲ್ಲ ಅಂತ ಇಲಾಖೆಯವರು ತಮ್ಮ ಕೈಯಾರೆ ಬರೆದ ಕಾಗದ ಅದು. ಜೆರಾಕ್ಸ್ ಮಾತ್ರ ಕೊಡಿ, ಹೆಸರು ಮುಚ್ಚಿ ಕೊಟ್ಟರೂ ಅವರ ಕೆಲಸ ನಡೆಯುತ್ತೆ. ಮೂಲ ಪ್ರತಿ ಕೈಬಿಡಬೇಡಿ.

ಕಾಗದದ ಜೊತೆ ಒಂದು ಪ್ರಶ್ನೆಯನ್ನೂ ಕೊಟ್ಟು ಕಳಿಸಿ. ಉದಾಹರಣೆಗೆ ಅರಣ್ಯ ಹಕ್ಕು ಕಾಯ್ದೆ ತಗೊಳ್ಳಿ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಅದನ್ನು ಈಗಿರುವ ಜಾಗದಲ್ಲೇ ತೋರಿಸಿ ಅಂದರೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಮಠ ಬಿಟ್ಟು ಎದ್ದು ಬಂದವರು ಎಲ್ಲಿಂದ ತರಬೇಕು? ಹಳೆಯ ದಾಖಲೆಯ ಊರೇ ನೀರಿನಲ್ಲಿದೆ. ಅಸೋಸಿಯೇಟ್‌ಗೆ ಇದು ಹೊಳೆದರೆ ವರದಿಯಲ್ಲಿ ಒಂದು ಅಧ್ಯಾಯವೇ ಆಗುತ್ತೆ, ಹೊಳೆಯದಿದ್ದರೆ "ದಾಖಲೆಗಳ ಕೊರತೆ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ.

ಮನೆಗಳನ್ನು ಹೇಗೆ ಆರಿಸಿದಿರಿ ಅಂತಲೂ ಇವರನ್ನೇ ಕೇಳಬೇಕು. ನಮ್ಮದು ಒಂಟಿ ಮನೆಗಳ ಸೀಮೆ. ಟಾರು ರಸ್ತೆ ಪಕ್ಕದ ಮನೆಗಳನ್ನಷ್ಟೇ ಮುಗಿಸಿ ಹೋದರೆ, ಹಳ್ಳ ದಾಟಿ ಗುಡ್ಡ ಹತ್ತಿ ಹೋಗಬೇಕಾದ ಮನೆಯ ಸ್ಥಿತಿ ಲೆಕ್ಕಕ್ಕೇ ಬರುವುದಿಲ್ಲ. ಬಂದ ತಿಂಗಳು ಯಾವುದು ಅನ್ನುವುದೂ ಮುಖ್ಯ. ಆಗಸ್ಟ್‌ನಲ್ಲಿ ಬಂದು ನೀರಿನ ತೊಂದರೆ ಇದೆಯಾ ಅಂದರೆ ಮನೆಯವರು ನಗುತ್ತಾರೆ. ಏಪ್ರಿಲ್‌ನಲ್ಲಿ ಬನ್ನಿ ಅಂತ ಹೇಳಿ. ಮಂಗನ ಕಾಯಿಲೆ ವಿಷಯವಾದರೆ ಚಳಿಗಾಲದಿಂದ ಬೇಸಿಗೆವರೆಗೆ, ಅದನ್ನು ಹರಡುವ ಉಣುಗು ಜಾಸ್ತಿ ಇರುವಾಗ ಬರಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆ, ಇಷ್ಟು ವರ್ಷ ಆದಮೇಲೆ ಅದರ ಕಾಲ ಯಾವುದು ಅಂತ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವರ ಮೇಲೆ ಫೆಲೋ, ಸೀನಿಯರ್ ಫೆಲೋ ಅಂತ ಹಿರಿಯ ಸಂಶೋಧಕರು ಇರುತ್ತಾರೆ. ಪತ್ರಿಕೆಗೆ ಬರೆಯುವವರು, ವಿಧಾನಸೌಧದಲ್ಲಿ ಕಾರ್ಯದರ್ಶಿಗಳ ಎದುರು ಕೂರುವವರು ಇವರೇ. ಊರಿಗೆ ಬಂದರೂ ಒಂದು ದಿನಕ್ಕೆ ಬರುತ್ತಾರೆ. ಆ ದಿನ ಹಾರ ತುರಾಯಿ, ಭಾಷಣ ಇಟ್ಟು ಹಾಳು ಮಾಡಬೇಡಿ. ಗ್ರಾಮ ಅರಣ್ಯ ಹಕ್ಕು ಸಮಿತಿಯವರನ್ನು ಕೂರಿಸಿ, ಬೇಕಾದ ತಿದ್ದುಪಡಿ ಏನು ಅಂತ ಒಂದೇ ವಿಷಯ ಹೇಳಿ. ಹತ್ತು ಹೇಳಿದರೆ ಒಂದೂ ನೆನಪಿರುವುದಿಲ್ಲ. ಡೇಟಾದವರು, ಅಕೌಂಟ್ಸಿನವರು, ಚಿತ್ರ ಗಿತ್ರ ಮಾಡುವವರು ಆಫೀಸು ಬಿಟ್ಟು ಬರುವುದು ಕಡಿಮೆ.

ಫೋನ್ ನಂಬರ್ ಒಂದನ್ನೇ ನಂಬಿ ಕೂರಬೇಡಿ, ಪ್ರಾಜೆಕ್ಟಿನ ಹೆಸರು, ಆಫೀಸಿನ ವಿಳಾಸ ಬರೆದಿಟ್ಟುಕೊಳ್ಳಿ. ಇವರ ಕೆಲಸ ದಾನಿಗಳ ದುಡ್ಡಿನ ಮೇಲೆ ನಿಂತಿರುತ್ತೆ. ಸಿಪಿಆರ್‌ನಂಥ ಹಳೆಯ ಸಂಸ್ಥೆಯ ವಿದೇಶಿ ದೇಣಿಗೆ ಪರವಾನಗಿ 2023ರಲ್ಲಿ ಅಮಾನತಾಗಿ 2024ರಲ್ಲಿ ರದ್ದಾಯಿತು, ಬಹಳ ಜನ ಕೆಲಸ ಬಿಟ್ಟು ಹೋಗಬೇಕಾಯಿತು. ಈ ವರ್ಷ ನಿಮ್ಮ ಜಗಲಿಯಲ್ಲಿ ಕೂತವರು ಬರುವ ವರ್ಷ ಅದೇ ಕುರ್ಚಿಯಲ್ಲಿ ಇರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ.

ಹೊರಡುವಾಗ ಒಂದು ಷರತ್ತು ಹಾಕಿ: ಅಚ್ಚಿಗೆ ಹೋಗುವ ಮೊದಲು ನಮ್ಮ ಊರಿನ ಭಾಗ ಕನ್ನಡದಲ್ಲಿ ಕಳಿಸಬೇಕು, ಎರಡು ಪುಟ ಆದರೂ ಸಾಕು. ಬಂದಿದ್ದನ್ನು ಗ್ರಾಮಸಭೆಯಲ್ಲಿ ಓದಿಸಿ, ತಪ್ಪಿದ್ದರೆ ಬರೆದು ಕಳಿಸಿ, ನಡಾವಳಿಯಲ್ಲೂ ಸೇರಿಸಿ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬಂದಿದೆ, ಆಕ್ಷೇಪಣೆಗೆ ಸಿಗುವುದು 60 ದಿನ. ಮುಂದಿನ ಸಲ ಕರಡು ಬಂದಾಗ ನಿಮ್ಮ ಆಕ್ಷೇಪಣೆಯಲ್ಲಿ ಈ ಸಂಸ್ಥೆಯ ವರದಿಯ ಪುಟದ ನಂಬರ್ ಹಾಕಿ, ನಡಾವಳಿಯ ಪ್ರತಿ ಲಗತ್ತಿಸಿ, ಅವಧಿಯೊಳಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಸೀದಿ ಜೋಪಾನ.